ಕಬ್ಬಿಣ ಗೊಣಗುತ್ತದೆ

ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ
ಎಂಟಡಿ ಉದ್ದ, ಐದಡಿ ಅಗಲ ಗೆರೆ ಎಳೆದು
ಅದರೊಳಗೆ ಅಂಗಾತ ಮಲಗಿದ್ದಾನೆ ಲಿಯಾಂಡರ್.
"ನೀನೂ ಬಾ, ಹಿಡಿಸುತ್ತದಾ ನೋಡೋಣ."
ಮಲಗಿದೆ. ಮೇ ತಿಂಗಳಾದರೂ ಕಾಂಕ್ರೀಟು ಕೊರೆಯುತ್ತಿತ್ತು.
ಹೊರಗೆ ಕೊಲ್ಲಿಯಲ್ಲಿ ಮಂಜುಗಡ್ಡೆಯ ಗುಡ್ಡವೊಂದು ಇನ್ನೂ ನಿಂತಿತ್ತು,
ಎದ್ದು ಹೊರಡಲು ಮನಸ್ಸಿಲ್ಲದ ನೆಂಟನ ಹಾಗೆ.

ಗಾಡಿ ಇನ್ನೂ ಇಲ್ಲ. ಇರುವುದು ಗೆರೆ,
ಮತ್ತೆ ಜಗಳ.

ಅಲ್ಯೂಮಿನಿಯಂ, ಅಂದೆ ನಾನು.
ನಮ್ಮ ಕಾರು ಎಳೆಯುವುದು ಆರುನೂರೈವತ್ತು ಕಿಲೋ;
ಅದರಲ್ಲೇ ಹಾಸಿಗೆ, ನೀರು, ನಾಯಿ,
ನೀನು ಬಿಟ್ಟು ಬಾರದ ಆ ಬೀಡುಕಬ್ಬಿಣದ ಬಾಣಲೆ.
ಚೌಕ ಕೊಳವೆಯ ಒಂದು ತುಂಡು ತಂದು
ಹಿಟ್ಟು ತೂಗುವ ತಕ್ಕಡಿಯಲ್ಲಿಟ್ಟೆ:
ಮುಳ್ಳು ಅಲುಗಿತೋ ಇಲ್ಲವೋ!
ತುಕ್ಕಿಲ್ಲ, ಬಣ್ಣದ ಗೊಡವೆಯಿಲ್ಲ.

ಮರ, ಅಂದ ಎದುರುಮನೆಯ ಆಂಬ್ರೋಸ್,
ಕರೆಯದೆ ಬಂದು ಬಾಗಿಲಿಗೆ ಒರಗಿ.
ಎಂಬತ್ತೆರಡು ವರ್ಷ, ನಲವತ್ತು ದೋಣಿ ಕಟ್ಟಿದ ಕೈ.
"ಲಾರ್ಚ್ ಮರದ ಬುಡದಲ್ಲಿ ಬೇರು ತಾನೇ ಬಾಗಿರುತ್ತದೆ.
ಅದಾಗಲೇ ಬಾಗಿದ್ದನ್ನು ನೀವು ಬಗ್ಗಿಸಬೇಕಾಗಿಲ್ಲ,
ಹುಡುಕಿದರೆ ಸಾಕು."
"ದೋಣಿ ಹೋಗುವುದು ಅಲೆಯ ಮೇಲೆ, ಇದು ರಸ್ತೆ ಮೇಲೆ," ಲಿಯಾಂಡರ್ ಅಂದ.
"ನ್ಯೂಫೌಂಡ್‌ಲ್ಯಾಂಡಿನ ರಸ್ತೆ ನಾನೂ ನೋಡಿದ್ದೇನೆ, ಹೋಗಯ್ಯಾ."

ಆಮೇಲೆ ಬಹಳ ಹೊತ್ತು
ನನ್ನ ತುಂಡನ್ನೇ ಕೈಯಲ್ಲಿ ತಿರುಗಿಸುತ್ತ ಕೂತ.
"ಕಬ್ಬಿಣವೇ ಇರಲಿ.
ಕಬ್ಬಿಣ ಗೊಣಗುತ್ತದೆ.
ಬಗ್ಗುತ್ತದೆ, ಕಿರುಗುಟ್ಟುತ್ತದೆ, ಕೆಂಪಗೆ ಕಣ್ಣೀರಿಡುತ್ತದೆ,
ಮುರಿಯುವ ಮೊದಲು ವರ್ಷಗಟ್ಟಲೆ ಹೇಳುತ್ತಲೇ ಇರುತ್ತದೆ.
ಇದು ಹಾಗಲ್ಲ.
ಟ್ರಾಲರಿನಲ್ಲಿದ್ದಾಗ ಹತ್ತಿಳಿಯುವ ಏಣಿ ಇದರದ್ದೇ ಇತ್ತು.
ಹಿಂದಿನ ದಿನ ನಾನೇ ಒರೆಸಿದ್ದೆ, ಒಂದು ಗೀರಿರಲಿಲ್ಲ.
ಬೆಸುಗೆಯ ಪಕ್ಕದಲ್ಲೇ, ಟಕ್ ಅಂತ.
ಮೇಲಿದ್ದವನು ಸಿರಿಲ್."

ಅಷ್ಟೇ. ಮುಂದೆ ಹೇಳಲಿಲ್ಲ.
ಮದುವೆಯಾಗಿ ಇಪ್ಪತ್ತಾರು ವರ್ಷ,
ಆ ಏಣಿಯ ಸುದ್ದಿ ಕೇಳಿದ್ದು ಇದೇ ಮೊದಲು.
ನಾನೋ, ಗೊಣಗದ ದಿನವಿಲ್ಲ.
ಅವನ ಮೈಮೇಲೆ ಇವತ್ತಿನವರೆಗೆ
ಒಂದು ಗೀರು ಕಂಡವಳಲ್ಲ.
ತಕ್ಕಡಿಯನ್ನು ಎತ್ತಿ ಒಳಗಿಟ್ಟೆ.

ಎರಡಂಗುಲದ ಕಬ್ಬಿಣದ ಕೊಳವೆ ತಂದೆವು.
ತೂಕ ಹೆಚ್ಚಾಯಿತು; ನೀರಿನ ಟ್ಯಾಂಕು ಬಿಟ್ಟೆವು,
ಬಾಣಲೆ ಬಿಡಲಿಲ್ಲ.
ಸತುವಿನ ಬಣ್ಣ ಎರಡು ಸಲ ಬಳಿದೆ,
ಉಗುರಿನ ಸಂದಿಯಲ್ಲಿ ಜುಲೈವರೆಗೂ ಬೂದಿ.
ಆಂಬ್ರೋಸ್ ಸುಮ್ಮನಿರುವವನೇ?
ಲಾರ್ಚಿನ ಎರಡು ಬಾಗು ತಂದು ಬಾಗಿಲಲ್ಲಿಟ್ಟು ಹೋಗಿದ್ದ.
ಎಲ್ಲಿ ಹಾಕುವುದೆಂದು ತಿಳಿಯದೆ
ತಲೆಯ ಮೇಲಿನ ಹಲಗೆಗೆ ಆಸರೆ ಕೊಟ್ಟೆವು.

ಮೊದಲ ಪ್ರಯಾಣ ಹನ್ನೆರಡೇ ಕಿಲೋಮೀಟರ್,
ದೀಪಸ್ತಂಭದ ಕೆಳಗಿನ ಬಯಲಿಗೆ.
ನಡುರಾತ್ರಿ ಗಾಳಿ ಎದ್ದಿತು. ಗಾಡಿ ಓಲಾಡಿ
ಕೆಳಗೆಲ್ಲೋ ಕಿರ್ರ್ ಅಂದಿತು.
ನಾಯಿ ಕಿವಿ ನಿಮಿರಿಸಿತು.
ಕತ್ತಲೆಯಲ್ಲಿ ಲಿಯಾಂಡರ್,
"ಕೇಳಿಸಿತಾ?"
"ಹೂಂ."
"ಸರಿ ಹಾಗಾದರೆ," ಅಂದವನು ಮಗ್ಗುಲಾದ.
ನಾನು ಮಾತ್ರ ಎದ್ದು ಕೂತೇ ಇದ್ದೆ,
ಸಿರಿಲ್ ಯಾರೆಂದು ಬೆಳಿಗ್ಗೆ ಕಾಫಿಗೆ ಮೊದಲು ಕೇಳುವುದೋ, ಆಮೇಲೋ ಎಂದು.