ತೂಕ

ಹತ್ತು ಕೆಜಿ ಸೋನಾ ಮಸೂರಿ, ಎರಡು ಬಾಟಲಿ ನೀರು
ಬೆನ್ನಿಗೇರಿಸಿ, ಬೆಳಿಗ್ಗೆ ಐದೂವರೆಗೆ
ಕೆಂಗೇರಿಯ ನಮ್ಮ ಕಟ್ಟಡದ ಒಂಬತ್ತು ಮಹಡಿ
ಹತ್ತುತ್ತೇನೆ, ಇಳಿಯುತ್ತೇನೆ, ಮತ್ತೆ.
"ಲಿಫ್ಟು ಸರಿ ಇದೆಯಲ್ಲಾ ಮೇಡಂ?"
ಕಾವಲಿನ ಹೊನ್ನೇಗೌಡರಿಗೆ ಇನ್ನೂ ಅನುಮಾನ.

ಇಳಿಯುವಾಗಲೇ ಮಂಡಿ ಮಾತಾಡುವುದು.
ಎಡಗಡೆಯದು ಸ್ವಲ್ಪ ಹೆಚ್ಚೇ.

ಫ್ರಿಜ್ಜಿನ ಮೇಲೆ ಪೆನ್ಸಿಲ್ಲಿನ ನಕ್ಷೆ:
ಮಾಗಡಿವರೆಗೆ ಬಸ್ಸು, ಮೊದಲ ರಾತ್ರಿ ಸಾವನದುರ್ಗದ ಬುಡ,
ಎರಡನೆಯದು ಮಂಚನಬೆಲೆಯ ಆಚೆ,
ಫಿಲೋಮಿನಾಳ ಚಿಕ್ಕಪ್ಪನ ಮಾವಿನ ತೋಪು,
ಮೂರನೆಯ ಸಂಜೆ ರಾಮನಗರ, ಪ್ಯಾಸೆಂಜರ್ ರೈಲು.

ಇಷ್ಟು ಹತ್ತಿರವಾ, ಎಂದ ತಮ್ಮ,
ಹಿಮಾಲಯಕ್ಕೆ ಹೋಗಿಬಂದವನು.
ಹೌದಪ್ಪ. ಟೆರೇಸಿನಿಂದಲೇ ಕಾಣುತ್ತೆ.
ಹತ್ತೊಂಬತ್ತು ವರ್ಷ ಬಟ್ಟೆ ಒಣಹಾಕುತ್ತ
ಅದಕ್ಕೆ ಬೆನ್ನು ಮಾಡಿ ನಿಂತಿದ್ದೆ.

ಈ ವಾರ ಚೀಲ ಹಗುರ ಅನ್ನಿಸಿತು.
ಕಾಲು ಗಟ್ಟಿಯಾಯ್ತೆಂದು ಹಿಗ್ಗಿದೆ,
ಫಿಲೋಮಿನಾಗೆ ಫೋನೂ ಮಾಡಿದೆ.
ರಾತ್ರಿ ಬಡಿಸುತ್ತ ಅತ್ತೆ ಅಂದರು:
"ಡಬ್ಬಿ ಖಾಲಿ ಆಗಿತ್ತು ಕಣೇ, ನಾಲ್ಕು ದಿನದಿಂದ
ನಿನ್ನ ಬ್ಯಾಗಿಂದಲೇ ಎರಡೆರಡು ಪಾವು ತಗೊಳ್ತಿದೀನಿ."

ಅನ್ನ ಬಿಸಿಯಿತ್ತು. ಇನ್ನೊಮ್ಮೆ ಹಾಕಿಸಿಕೊಂಡೆ.
ನಾಳೆಯಿಂದ ರಾಗಿ ತುಂಬಬೇಕು.
ಅತ್ತೆಗೆ ಮುದ್ದೆ ಸೇರುವುದಿಲ್ಲ.