ಬೈತಖೋಲದಲ್ಲಿ ನಾಲ್ಕು ಕಿವಿ

ಐಸ್ ಕಾರ್ಖಾನೆಯ ತಗಡಿನ ಮೇಲೆ
ನಾಲ್ಕು ಆಂಟೆನಾ ನಿಲ್ಲಿಸಿದ್ದೇನೆ, ಒಂದರಿಂದೊಂದು ಗೇಣು ದೂರ.
ಅತ್ತ ‘ಜಲಪದ್ಮ’ ದೋಣಿಯಲ್ಲಿ ನಾಲ್ಕು ಬಾಯಿ.
ಒಂದೇ ಗಳಿಗೆಗೆ, ಒಂದೇ ತರಂಗಾಂತರದಲ್ಲಿ, ಬೇರೆ ಬೇರೆ ಮಾತು.
ಪ್ರತಿ ಕಿವಿಗೂ ನಾಲ್ಕೂ ಕಲಸಿ ಬೀಳುತ್ತವೆ.
ಬಿಡಿಸಿದರೆ ನನಗೆ ಸಂಬಳ.

ಮೊದಲ ವಾರ ಸಮುದ್ರ ಎಣ್ಣೆ ಸವರಿದ ಹಾಗಿತ್ತು.
ದೋಣಿಯನ್ನು ದೇವಗಡದ ದೀಪದಾಚೆ ಬಯಲಿಗೆ ಕಳಿಸಿದೆ:
ಅಡ್ಡಿಯಿಲ್ಲ, ಮರೆಯಿಲ್ಲ, ನೇರ ದಾರಿ.
ನಾಲ್ಕು ಕಿವಿಗೂ ಅದೇ ಸುದ್ದಿ, ಚೂರೂ ವ್ಯತ್ಯಾಸವಿಲ್ಲದೆ.
ನಾಲ್ಕು ಸಮೀಕರಣ ಬರೆದೆ; ನಾಲ್ಕೂ ಒಂದೇ ಆಗಿ
ಕೈಚೆಲ್ಲಿ ಕೂತವು.
ಅಷ್ಟು ಚೊಕ್ಕ ದಾರಿಯಲ್ಲಿ ಕೆಲಸವೇ ಆಗಲಿಲ್ಲ.

ಬಂದರಿನೊಳಗೆ ಬಂದರೆ ಹಡಗಿನ ತುಕ್ಕು ಹೊಟ್ಟೆ,
ಕ್ರೇನು, ಗುಡ್ಡದ ಕಪ್ಪು ಬಂಡೆ, ಹೊಳೆಯುವ ನೂರು ತಗಡು.
ಬಡಿದು, ಬಾಗಿ, ತಡವಾಗಿ ಬಂದ ಸದ್ದು
ಒಂದೊಂದು ಕಿವಿಗೆ ಒಂದೊಂದು ಹದ.
ಅಲ್ಲಿ ಗಂಟು ಸಡಿಲಿತು.
ಆದರೂ ಹತ್ತರಲ್ಲಿ ಮೂರು ತಪ್ಪು.

ಬೆಳಗಿನ ಐದೂವರೆಗೆ ಕೆಳಗೆ ಹರಾಜು,
ಕೊಂಕಣಿ, ಕನ್ನಡ, ಬೈಗುಳ, ಎಲ್ಲ ಒಮ್ಮೆಲೇ.
ಶೇವಂತಿ ತಾಂಡೇಲ ಬುಟ್ಟಿ ಬೋರಲು ಹಾಕಿ ಕೂತು
ಎಲೆ ಜಗಿಯುತ್ತ, ತಲೆಯೆತ್ತದೆ ಹೇಳುತ್ತಾಳೆ:
“ಶೆಟ್ಲಿ ಎರಡು ಸಾವಿರದ ನೂರು. ನೊಗ್ಲಿ ಎಂಟುನೂರು.
ಆ ಮೂಲೆಯ ಹುಡುಗ ಬಂಗಡೆ ಕೇಳಲು ನಾಚುತ್ತಿದ್ದಾನೆ.”

ಹೇಗೆ, ಅಂದೆ.
“ಪುರ್ಸೋನ ಗಂಟಲು ದೊಡ್ಡದು. ಅವನನ್ನು ಮೊದಲು ಕೇಳಿ ಮುಗಿಸು.
ಕಿವಿಯಿಂದ ತೆಗೆದು ಬದಿಗಿಡು, ಮುಳ್ಳು ತೆಗೆದ ಹಾಗೆ.
ಉಳಿದವರಲ್ಲಿ ಯಾರು ಜೋರೋ ಅವರು. ಆಮೇಲೆ ಮೆಲ್ಲಗಿನವರು.
ಆದರೆ ನೋಡು, ಪುರ್ಸೋನನ್ನೇ ತಪ್ಪು ಕೇಳಿದೆಯೋ,
ಕಡೆಗೆ ಮನೆಗೆ ಹೋಗುವುದು ಬೇರೆಯವರ ಮೀನು.”

ಅದೇ ಸರದಿ ಯಂತ್ರಕ್ಕೆ ಕಲಿಸಿದೆ: ಗಟ್ಟಿಯದನ್ನು ಗುರುತಿಸು, ಕಳೆ;
ಮುಂದಿನದು, ಕಳೆ. ಅನುಮಾನವಿದ್ದಲ್ಲಿ
ಎರಡು ಉತ್ತರವನ್ನೂ ಮಡಿಲಲ್ಲಿ ಹಿಡಿದೇ ನಡೆ.
ತಪ್ಪು ಸಾವಿರಕ್ಕೊಂದಾಯಿತು.

ಹತ್ತನೆಯ ರಾತ್ರಿ, ಎಲ್ಲ ಕಳೆದ ಮೇಲೆ ಉಳಿದ ಕಸದಲ್ಲಿ
ಒಂದು ಏರಿಳಿತ. ಹದಿನಾಲ್ಕು ಸೆಕೆಂಡಿಗೊಮ್ಮೆ.
ತಂತಿ ನೋಡಿದೆ, ತಿರುಪು ಬಿಗಿದೆ. ಹೋಗಲಿಲ್ಲ.
ಆಗ ಕಣ್ಣೆತ್ತಿದೆ:
ಹಗ್ಗ ಕಟ್ಟಿದ ಹಡಗು ಮೆಲ್ಲಗೆ ವಾಲುತ್ತಿತ್ತು,
ಅದರ ಹೊಟ್ಟೆಗೆ ಬಡಿದು ಬಂದ ಸದ್ದೂ ಜೊತೆಗೆ ವಾಲುತ್ತಿತ್ತು.

“ಹದಿನಾಲ್ಕೇ?” ಶೇವಂತಿಯ ದವಡೆ ನಿಂತಿತು.
“ಇದು ಇಲ್ಲಿಯ ಗಾಳಿ ಎಬ್ಬಿಸಿದ್ದಲ್ಲ. ದೂರದ್ದು.”
ಎದ್ದಳು, ಸೆರಗು ಸಿಕ್ಕಿಸಿ
ಪುರ್ಸೋನಿಗಿಂತ ಜೋರಾಗಿ ಧಕ್ಕೆಯುದ್ದಕ್ಕೂ ಕೂಗಿದಳು:
ನಾಳೆ ಯಾರೂ ದೋಣಿ ಬಿಡಬೇಡಿ.