ಬಾಕಿ ಚಿಲ್ಲರೆ

ಪುತ್ತೂರು ಕಟ್ಟಿನವನು ಇಂದ್ರಾಣಿಯ ಮಣಿಕಟ್ಟು ಒತ್ತಿ ನೋಡಿ
ಒಂದೇ ಮಾತು ಹೇಳಿದ:
ನಾಟಿ ಮೊಟ್ಟೆ ತನ್ನಿ, ಫಾರಂದು ಬೇಡ,
ಲೋಳೆ ಬಟ್ಟೆಗೆ ಅಂಟಬೇಕು, ಜಾರಬಾರದು.

ಮೂವತ್ತೊಂದು ವರ್ಷ ಈ ಊರಿನ ಬಸ್ಸಲ್ಲಿ
ನಿಂತೇ ತಿರುಗಿದವನು ನಾನು.
ಸ್ಟಾಪುಗಳ ಹೆಸರು ನಿದ್ದೆಯಲ್ಲೂ ಕೂಗುತ್ತೇನಂತೆ.
ಯಾವ ಸ್ಟಾಪಲ್ಲಿ ಇಳಿದರೆ ಕೋಳಿ ಅಂತ
ಯಾರೂ ಕೇಳಿರಲಿಲ್ಲ.

ಮೊದಲು ಮೂಲೆಯ ಸೂಪರ್ ಮಾರ್ಕೆಟ್ಟು.
ಆರು ಮೊಟ್ಟೆಗೆ ಒಂದು ರಟ್ಟಿನ ತೊಟ್ಟಿಲು,
ಮೇಲೆ ಹುಲ್ಲುಗಾವಲು, ಅದರಲ್ಲಿ ಕೋಳಿ ನಗುತ್ತಿತ್ತು.
ಕೋಳಿ ನಗುವುದನ್ನು ನಾನು ಕಂಡಿಲ್ಲ. ಕೆಳಗಿಟ್ಟೆ.

ಹೆಣ್ಣೂರು ಕ್ರಾಸಿನ ಗಾಡಿಯವನದು ಒಳ್ಳೇ ಕಂದು ಬಣ್ಣ.
ಮನೆಗೆ ತಂದು ನೀರಿಗೆ ಹಾಕಿದರೆ
ಮೊಟ್ಟೆ ಬಿಳಿಯಾಯಿತು, ನೀರು ಟೀ ಆಯಿತು.
ಮುರಿದ ಕೈ ಮರೆತು ಇಂದ್ರಾಣಿ ನಕ್ಕಳು:
"ಸಕ್ಕರೆ ಹಾಕ್ರಿ, ಕುಡಿಯೋಣ."

ಮೂರನೇ ದಿನ, ಬೆಳಗ್ಗೆ ಐದೂಕಾಲು.
ಹಾಲಿನ ಬೂತಿನೆದುರು ನಿಂತಿದ್ದೆ, ಎಲ್ಲೋ ಹುಂಜ ಕೂಗಿತು.
ಯಾರದೋ ಫೋನಿರಬೇಕು.
ಮತ್ತೆ ಕೂಗಿತು, ಈ ಸಲ ನಡುವೆ ಗಂಟಲು ಒಡೆದು.
ಫೋನು ಹಾಗೆ ತಪ್ಪುವುದಿಲ್ಲ.

ಜಾಡು ಹಿಡಿದು ಹೊರಟೆ.
ಗಾಜಿನ ಕಟ್ಟಡ ಕೂಗನ್ನು ಆಚೆಗೆ ತಳ್ಳುತ್ತಿತ್ತು:
ಬಲಕ್ಕೆ ಹೋದರೆ ಎಡದಲ್ಲಿ,
ಎಡಕ್ಕೆ ಹೋದರೆ ಪಿ.ಜಿ.ಯ ನೀರಿನ ಟ್ಯಾಂಕಿನ ಮೇಲೆ.
ಮಾರ್ಬಲ್ ಅಂಗಡಿ, ಜಿಮ್ಮು, ಅರ್ಧಕ್ಕೆ ನಿಂತ ಮೋರಿ ಕೆಲಸ,
ಮುಂದೆ ಹೋಗಿ, ಮುಂದೆ ಹೋಗಿ, ಅಂತ ನನಗೆ ನಾನೇ ಹೇಳಿಕೊಂಡು
ಒಂದು ಸಂದು ತಿರುಗಿದರೆ
ಅಪಾರ್ಟ್‌ಮೆಂಟುಗಳ ಕಂಕುಳಲ್ಲಿ
ಗೆದ್ದಲಹಳ್ಳಿಯ ಹಳೇ ಊರು.

ಚಕ್ರವಿಲ್ಲದ ಆಟೋ. ಮೀಟರಿನ ಮೇಲೆ ಹುಂಜ.
ಹಿಂದಿನ ಸೀಟಲ್ಲಿ ಮೂರು ಹೇಂಟೆ,
ಪೂರಾ ಬಾಡಿಗೆಗೆ ಹಿಡಿದವರ ಹಾಗೆ.

ಪಿಳ್ಳಮ್ಮ ನುಗ್ಗೆ ಸೊಪ್ಪು ಬಿಡಿಸುತ್ತಿದ್ದಳು.
"ಮೊಟ್ಟೆ ಇದೆಯಾ?"
"ಇಕ್ಕಿದ್ರೆ ಐತೆ."
"ಒಂದು ಡಜನ್ನು?"
"ಅವುನ್ನೇ ಕೇಳಣ್ಣ. ಒಂದು ಕಾವಿಗೆ ಕೂತೈತೆ,
ಒಂದು ಗರಿ ಉದುರಿಸ್ತಾ ಐತೆ,
ಇನ್ನೊಂದು ಎಲ್ಲಿಕ್ಕತ್ತೋ ನಂಗೂ ಹೇಳಾಕಿಲ್ಲ."

ನಾಲ್ಕು ಸಿಕ್ಕವು. ಒಂದರಂತೆ ಒಂದಿಲ್ಲ.
ಒಂದಕ್ಕೆ ಹುಲ್ಲೆಸಳು ಅಂಟಿತ್ತು. ಒಂದು ಇನ್ನೂ ಬೆಚ್ಚಗೆ,
ಮಧ್ಯಾಹ್ನದ ಟ್ರಿಪ್ಪಿನಲ್ಲಿ
ಚರ್ಮದ ಚೀಲದ ತಳದ ನಾಣ್ಯದ ಹಾಗೆ.

ಕಾಗದದಲ್ಲಿ ಸುತ್ತುತ್ತಾ ಅವಳೇ ಮಾತು ತೆಗೆದಳು:
"ಮುಂಚೆ ಶಿವಾಜಿನಗರಕ್ಕೆ ಒಯ್ತಿದ್ದೆ ಕಣಣ್ಣ.
ಒಬ್ಬ ಕಂಡಕ್ಟ್ರು, ಬುಟ್ಟೀಲಿದ್ದ ಹೇಂಟೆಗೂ ಟಿಕೀಟು ಹರಿದ.
ಮೂರು ರೂಪಾಯಿ ಚಿಲ್ಲರೆ ಟಿಕೀಟಿನ ಹಿಂದೆ ಬರೆದುಕೊಟ್ಟ.
ಇಳಿಯೋವಾಗ ನೂಕಾಟ, ಬಸ್ಸು ಹೊಂಟೋಯ್ತು.
ಆ ಹೇಂಟೆ ಎಷ್ಟಕ್ಕೆ ಮಾರಿದೆ, ನೆಪ್ಪಿಲ್ಲ.
ಮೂರು ರೂಪಾಯಿ ನೆಪ್ಪೈತೆ."

ಮೊಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡಿದೆ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
ಆ ರೂಟಿನಲ್ಲಿ ನಾವು ಬಹಳ ಜನ ಇದ್ದೆವು.
ಕೋಳಿಗೆ ಟಿಕೆಟ್ ಹರಿಯುವವರು
ಅಷ್ಟು ಜನ ಇರಲಿಲ್ಲ.

ಅರವತ್ತು ಅಂದಳು. ಅರವತ್ತಮೂರು ಕೊಟ್ಟು ಬೇಗ ತಿರುಗಿದೆ.
"ಏ ಅಣ್ಣ, ಜಾಸ್ತಿ ಕೊಟ್ಟಿದ್ದೀಯ!"
ಸೊಪ್ಪಿನ ಕೈಯಲ್ಲೇ ಓಡಿ ಬಂದು
ಮೂರೂ ನಾಣ್ಯ ಅಂಗೈಗೆ ಒತ್ತಿದಳು.

ಬಿಳಿಯೆಲ್ಲ ಕಟ್ಟಿಗೆ ಹೋಯಿತು.
ಬಟ್ಟಲಲ್ಲಿ ಉಳಿದ ನಾಲ್ಕು ಹಳದಿಗೆ
ಈರುಳ್ಳಿ, ಕಾಳುಮೆಣಸು, ಒಂದು ಚಿಟಿಕೆ ಉಪ್ಪು.
ಎಡಗೈಯಲ್ಲಿ ತಿನ್ನಲ್ಲ ಅಂತ ಇಂದ್ರಾಣಿ ಹಟ.
ತುತ್ತು ಮಾಡಿ ಕೊಟ್ಟೆ. ಬಾಯಿ ತುಂಬಿಕೊಂಡೇ
"ಯಾರ ಹತ್ರ ತಂದ್ರಿ?" ಅಂದಳು.
ಹೇಳಿದೆ. ಟಿಕೆಟಿನ ವಿಷಯ ಬಿಟ್ಟು.

ಈಗ ಶನಿವಾರ ಶನಿವಾರ ಹೋಗುತ್ತೇನೆ.
ಕೆಲವು ಸಲ ಎರಡು, ಒಮ್ಮೆ ಬರಿಗೈ.
ಆ ಮೂರು ರೂಪಾಯಿ ಜೇಬಲ್ಲೇ ಇದೆ,
ಬೇರೆ ಯಾತಕ್ಕೂ ಖರ್ಚು ಮಾಡಿಲ್ಲ.
ಪಿಳ್ಳಮ್ಮ ಒಳಗೆ ಹುಡುಕುವಷ್ಟು ಹೊತ್ತು
ಮೀಟರಿನ ಮೇಲಿನ ಹುಂಜ
ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತದೆ,
ನಡುದಾರಿಯಲ್ಲಿ ಹತ್ತಿದ
ಚೆಕಿಂಗ್ ಇನ್ಸ್‌ಪೆಕ್ಟರ್ ಹಾಗೆ.